ಎರಿ ಪಿಚ್ಚು, ಮಸಾರಿ ಪಿಚ್ಚು: ಮೌಶಿಯ ವಾಯ್ಸ್ ಮೆಸೇಜು

ಹಲೋ ತಮ್ಮಾ, ಕೇಳಸ್ತೈತೇನು? ನಡುವ ಕುಕ್ಕರ್ ಸೀಟಿ ಹೊಡದ್ರ ಅಂಜಬ್ಯಾಡ, ಬ್ಯಾಳಿ ಇಟ್ಟೀನಿ. ನಿನ್ನೆ ರಾತ್ರಿ ಮುಂಬೈ ವಾಂಖೆಡೆ ಟಿ20ಗೆ ನಿನ್ನ ಫ್ಯಾಂಟಸಿ ಟೀಮಿನ್ಯಾಗ ಮೂರು ಮಂದಿ ಸ್ಪಿನ್ನರ್ ಹಾಕಿ, ಅದ್ರಾಗ ಒಬ್ಬನ್ನ ಡಬಲ್ ಪಾಯಿಂಟಿನ ಕ್ಯಾಪ್ಟನ್ ಮಾಡಿ, ನಮ್ಮ ಗ್ರೂಪಿನ್ಯಾಗ ಕಡೀಕ ಬಂದಿ. ಮ್ಯಾಲೆ ‘ಮೌಶಿ, ನ್ಯೂಜಿಲೆಂಡಿನ ಸ್ಪಿನ್ನರ್ ಎಜಾಜ್ ಪಟೇಲ್ ಅಲ್ಲೇ 11 ವಿಕೆಟ್ ತಗೊಂಡಾನಲ್ಲ, ನಂದೇನು ತಪ್ಪು’ ಅಂತ ಬರದಿ. ಟೈಪ್ ಮಾಡೂದು ನನಗ ಆಗೂದಿಲ್ಲ, ಹೇಳ್ತೀನಿ ಕೇಳು.

ನಿಮ್ಮ ಅಜ್ಜನ ಹೊಲ ನೆನಪೈತಿಲ್ಲೋ? ಹಳ್ಳದ ಕಡಿಂದು ಎರಿ, ಅಂದ್ರ ಕರಿ ಮಣ್ಣು; ದಿಬ್ಬದ ಮ್ಯಾಲಿಂದು ಮಸಾರಿ, ಅಂದ್ರ ಕೆಂಪು ಮಣ್ಣು. ಎರಿ ನೀರು ಕುಡದು ಹಿಡಕೊಂಡು ಕುಂದರತೈತಿ, ಮಸಾರಿ ಲಗೂನ ಒಣಗತೈತಿ. ಪಿಚ್ಚೂ ಹಂಗ. ಎರಿ ಮಣ್ಣಿನ್ಯಾಗ ಚೆಂಡು ನಿಂತು ನಿಂತು ಬರ್ತೈತಿ, ಮ್ಯಾಲೆ ಏಳೂದಿಲ್ಲ. ಮಸಾರಿ ಪಿಚ್ಚಿನ್ಯಾಗ ಪುಟೀತೈತಿ. ಒಣಗಿ ಪುಡಿ ಆತಂದ್ರ ತಿರಗೂದೂ ಜೋರು, ಏಳೂದೂ ಜೋರು.

2024ರ ನ್ಯೂಜಿಲೆಂಡ್ ಟೆಸ್ಟ್ ಸೀರೀಸ್ ತಗೋ. ಬೆಂಗಳೂರಾಗ ಮಳಿಗೆ ಮುಚ್ಚಿಟ್ಟಿದ್ದ ಪಿಚ್, ಮ್ಯಾಲೆ ಮೋಡ. ನಮ್ಮವರು ಟಾಸ್ ಗೆದ್ದು ಬ್ಯಾಟಿಂಗ್ ತಗೊಂಡ್ರು, 46ಕ್ಕ ಆಲೌಟ್. ಅಲ್ಲಿ ಎಲ್ಲಾ ಫಾಸ್ಟ್ ಬೌಲರಗೋಳ ಆಟ. ಮುಂದ ನಮ್ಮ ಪುಣೆ ಗಹುಂಜೆ ಸ್ಟೇಡಿಯಮ್ಮಿಗೆ ಬಂದ್ರು, ಎರಿ ಮಣ್ಣು. ನಮ್ಮವರು ಸ್ಪಿನ್ನರ್ ವಾಷಿಂಗ್ಟನ್ ಸುಂದರ್‌ನ ಟೀಮಿನ್ಯಾಗ ತಗೊಂಡ್ರು, ಮೊದಲ ಇನ್ನಿಂಗ್ಸಿಗೇ 7 ವಿಕೆಟ್. ಅವರ ಕಡೆ ಸ್ಯಾಂಟ್ನರ್ ಮ್ಯಾಚಿಗೆ 13! ಎಜಾಜ್‌ಗೆ ಎಷ್ಟು? ಬರೇ 2. ಅದೇ ಎಜಾಜ್ ಮುಂದಿನ ಮ್ಯಾಚಿಗೆ ಮುಂಬೈ ಮಸಾರಿಗೆ ಹೋಗಿ 11 ತಗದಾ. ಸ್ಯಾಂಟ್ನರ್ ಅಲ್ಲಿ ಆಡಲೇ ಇಲ್ಲ, ಪಕ್ಕಿ ನೋವು. ಪುಣೆ ಸ್ಕೋರ್ ನೋಡಿ ಅವನ್ನ ಕ್ಯಾಪ್ಟನ್ ಮಾಡಿ, ಟಾಸ್ ಆದಮ್ಯಾಲೆ ಟೀಮ್ ನೋಡದವರಿಗೆ ಸೊನ್ನಿ, ಅದೂ ಡಬಲ್ ಸೊನ್ನಿ.

ಗಹುಂಜೆ ಅಂದ್ರ ನನಗ 2017 ನೆನಪಾಗತೈತಿ. ಆಸ್ಟ್ರೇಲಿಯಾದ ಸ್ಪಿನ್ನರ್ ಓಕೀಫ್ ಎರಡೂ ಇನ್ನಿಂಗ್ಸಿನ್ಯಾಗ 35 ರನ್ನಿಗೆ 6, ನಾವು 105 ಮತ್ತ 107. ಮೂರೇ ದಿನಕ್ಕ ಖೇಲ್ ಖತಂ. ಐಸಿಸಿನೂ ಆ ಪಿಚ್‌ಗೆ ಕಳಪೆ ಅಂತ ಮುದ್ರಿ ಒತ್ತಿತು. ನಾಕನೇ ದಿನದ ಟಿಕೆಟ್ ಇನ್ನೂ ನಿಮ್ಮ ಕಾಕಾನ ಪಾಕೀಟಿನ್ಯಾಗೈತಿ.

ಈಗ ನಿನ್ನ ತಪ್ಪು. ಮಣ್ಣು ನೋಡಿದಿ, ಹೊತ್ತು ನೋಡಲಿಲ್ಲ. ಎಜಾಜ್ ಬೌಲಿಂಗ್ ಹಾಕಿದ್ದು ಟೆಸ್ಟಿನ್ಯಾಗ, ಹಗಲು ಬಿಸಲಾಗ, ತುಳದು ತುಳದು ಒಡದ ಪಿಚ್ಚಿನ ಮ್ಯಾಲೆ. ಟಿ20 ಪಿಚ್ ಹೊಸಾದು, ಗಟ್ಟಿ, ಪುಟಿದ ಚೆಂಡು ಸೀದಾ ಬ್ಯಾಟಿಗೆ. ಮ್ಯಾಲೆ ರಾತ್ರಿ ಇಬ್ಬನಿ. ತೊಯ್ದ ಚೆಂಡು ಸ್ಪಿನ್ನರ್ ಕೈಯಾಗ ಸಾಬಾಣದ ತುಂಡಿದ್ದಂಗ. 2016ರ ಟಿ20 ವಿಶ್ವಕಪ್ ಸೆಮಿಫೈನಲ್ಲಿನ್ಯಾಗ ನಾವು 192 ಹೊಡದ್ರೂ ವೆಸ್ಟ್ ಇಂಡೀಸ್ ಬೆನ್ನಟ್ಟಿ ಗೆದ್ದಿದ್ದು ಅಲ್ಲೇ. ಅದಕ್ಕ ಅಲ್ಲಿ ಟಾಸ್ ಗೆದ್ದಾವ ಬಹಳ ಸಲ ಬೌಲಿಂಗ್ ತಗೋತಾನ.

ಅಂದ್ರ ವಾಂಖೆಡೆ ರಾತ್ರಿಗೆ ಒಬ್ಬನೇ ಸ್ಪಿನ್ನರ್ ಸಾಕು, ಅವನೂ ಮೊದಲು ಬೌಲಿಂಗ್ ಮಾಡೂ ಟೀಮಿನಾವ. ಚೆಂಡು ಒಣಾ ಇರತೈತಿ ನೋಡು. ಹೊಸ ಚೆಂಡಿನವರು ಇಬ್ಬರು ಬೇಕೇ ಬೇಕು. 2023ರ ಒಂದಿನದ ವಿಶ್ವಕಪ್ಪಿನ್ಯಾಗ ಅಲ್ಲೇ ಲೈಟ್ ಕೆಳಗ ಬುಮ್ರಾ, ಸಿರಾಜ್, ಶಮಿ ಕೂಡಿ ಶ್ರೀಲಂಕಾನ್ನ 55ಕ್ಕ ಮಲಗಿಸಿದ್ರು. ಕ್ಯಾಪ್ಟನ್ ಅಂತೂ ಓಪನರ್‌ನೇ ಮಾಡು.

ಆನ್‌ಲೈನ್‌ನ್ಯಾಗ ದುಡ್ಡು ಹಚ್ಚಿ ಆಡೂದು 2025ರ ಕಾಯ್ದೆಕ್ಕ ಬಂದ್ ಆತು, ಚಲೋನೇ ಆತು. ನಮ್ಮದು ಸೋತಾವ ಮಿಸಳ ತಿನ್ನಸೂ ಪಂದ್ಯ, ಅದಕ್ಕ ಕಾಯ್ದೆ ಇಲ್ಲ. ಐತವಾರ ಆರು ಪ್ಲೇಟ್ ನಿಂದು, ಕಾಕಾಗ ತರ್ರಿ, ಅಂದ್ರ ಖಾರದ ರಸಾ, ಜಾಸ್ತಿ ಹಾಕಸು. ಏ, ಮೂರನೇ ಸೀಟಿ ಆತು, ಇಡ್ತೀನಿ.