ಪೇಪರ್ ಬರಿಯೋದು ಯಾರು, ಗೈಡಾ ನಾನಾ?

ತೊಗರಿಬೇರು, ಕಲಬುರಗಿ:
ಬಾಟನಿ ಪಿಎಚ್‌.ಡಿ., ನಾಲ್ಕನೇ ವರ್ಷ. ತೊಗರಿ ನೆಟೆ ರೋಗದ ಮ್ಯಾಲ ಕೆಲಸ. ಆಳಂದ, ಅಫಜಲಪುರ, ಚಿತ್ತಾಪುರ ಕಡಿ ಹೊಲ ತಿರುಗಿ ಗಿಡ ಕಿತ್ತು ತಂದಿದ್ದು, ಲ್ಯಾಬಿನಾಗ ಈ ರೋಗ ತರೋ ಫ್ಯುಸೇರಿಯಂ ಶಿಲೀಂಧ್ರ ಬೆಳೆಸಿದ್ದು ಎಲ್ಲಾ ನಾನೇ. ಈಗ ಗೈಡ್ ಸರ್ ಅಂತಾರ, "ಟೇಬಲ್ ಕೊಡು, ಬರಿಯೋದು ನಾ ನೋಡ್ಕೋತೀನಿ. ನಿನ್ನ ಇಂಗ್ಲಿಷ್ ಜರ್ನಲ್‌ಗೆ ನಡಿಯಂಗಿಲ್ಲ." ಬರದೂ ಬಿಟ್ಟಾರ. ಮೊದಲ ಹೆಸರು ಅವರದು, ಎರಡನೇದು ನಂದು.

ಹೆಸರಿನಕಿಂತ ನನಗ ಚುಚ್ಚಿದ್ದು ಬ್ಯಾರೇನೇ ಅದ. ನೆಟೆ ಬಂದ ಗಿಡದಾಗ ಒಮ್ಮೊಮ್ಮೆ ಒಂದೇ ಮಗ್ಗಲಿನ ಟೊಂಗಿ ಒಣಗಿ, ಇನ್ನೊಂದು ಮಗ್ಗಲು ಹಸರಾಗೇ ನಿಂತಿರ್ತದ. ಬುಡದಿಂದ ನೇರಳೆ ಪಟ್ಟಿ ಮ್ಯಾಲ ಏರಿರ್ತದ, ಕಾಂಡ ಸೀಳಿದ್ರ ಒಳಗ ಕಪ್ಪು ಗೆರಿ. ನೀರಿಲ್ಲದೆ ಒಣಗಿದ ಗಿಡಕ್ಕೂ ಇದಕ್ಕೂ ಫರಕು ಗೊತ್ತಾಗೋದೇ ಅಲ್ಲಿ. ಹೊಲವಾರು ಬರ್ಕೊಂಡೀನಿ. ಸರ್ ಡ್ರಾಫ್ಟಿನಾಗ ಅದೆಲ್ಲಾ ಹೋಗಿ, ಎಲೆ ಹಳದಿಯಾಗಿ ಗಿಡ ಒಣಗಿದವು ಅಂತ ಒಂದೇ ಸಾಲು! ಹೊಲಕ್ಕ ಬರದವರು ಇನ್ನೇನು ಬರೀತಾರ?

ಬರಿಯೋ ಹಕ್ಕು ಯಾರದು, ತಿಳದವರು ಹೇಳ್ರಿ.

ಭೀಮಾತೀರ, ಯಾದಗಿರಿ:
ಅಕ್ಕಾ, ಜಗಳ ಬ್ಯಾಡ. ಥೀಸಿಸ್ ಕೊಡೋ ಮೊದಲು ಪೇಪರ್ ಆಗಿರಲೇಬೇಕು ಅನ್ನೋದನ್ನ ಯುಜಿಸಿ 2022ರ ನಿಯಮದಾಗ ತಗದದ. ನಿಮ್ಮ ವಿವಿ ತಂದೇನರ ನಿಯಮ ಇಟ್ಟದೇನು ನೋಡ್ಕೋರಿ. ಸಹಿ ಅವರದೇ ಬೇಕು, ಮೊದಲು ವೈವಾ ಮುಗಿಸ್ರಿ.

ತೊಗರಿಬೇರು:
ತಮ್ಮಾ, ನೌಕರಿ ಸಂದರ್ಶನಕ್ಕ ಹೋದ್ರ ಪೇಪರ್ ಎಲ್ಲಿ ಅಂತ ಕೇಳ್ತಾರಲ್ಲ?

ಕೋಟೆ ಮಗ್ಗಲು, ಬೀದರ:
ನಾನೂ ಗೈಡೇ ಇದ್ದೀನಮ್ಮಾ. ಗೈಡ್‌ಗಳು ಬರಿಯೋಕೆ ಕೂಡೋದಕ್ಕ ಕಾರಣನೂ ಇರ್ತಾವ. ನನ್ನ ಒಬ್ಬ ಹುಡುಗ ನೌಕರಿ ಹತ್ತಿ ಹೋದ, ಡೇಟಾ ಕಪಾಟಿನಾಗ ಉಳೀತು. ಕಡೀಕ ನಾನೇ ಬರದೆ, ಆದ್ರ ಮೊದಲ ಹೆಸರು ಅವನದೇ ಇಟ್ಟೆ. ಕೈಯಿಂದ ಬರದವರದೇ ಮೊದಲ ಹೆಸರು ಅಂತ ಎಲ್ಲೂ ಇಲ್ಲ.

ವೈದ್ಯಕೀಯ ಜರ್ನಲ್ ಸಂಪಾದಕರ ಸಮಿತಿ, ಐಸಿಎಂಜೆಇ, ಲೇಖಕ ಅನ್ನಿಸ್ಕೊಳ್ಳಾಕ ನಾಲ್ಕು ಷರತ್ತು ಇಟ್ಟದ: ಕೆಲಸದಾಗ ಗಟ್ಟಿ ಪಾಲು, ಬರಿಯೋದು ಇಲ್ಲಾ ಗಂಭೀರವಾಗಿ ತಿದ್ದೋದು, ಕಡೀ ಪ್ರತಿಗೆ ಒಪ್ಪಿಗಿ, ಹೊಣೆ. ಬರೀ ಮೇಲ್ವಿಚಾರಣೆ ಸಾಲಂಗಿಲ್ಲ. ಕೆಲಸ ಮಾಡಿದವರಿಗೆ ಬರಿಯೋ, ತಿದ್ದೋ ಅವಕಾಶ ಕೊಡಲೇಬೇಕು ಅಂತನೂ ಅದರಾಗ ಅದ. ಬ್ಯಾರೆ ವಿಷಯದ ಎಷ್ಟೋ ಜರ್ನಲ್‌ನವರು ಇದನ್ನೇ ಹಿಡೀತಾರ.

ನಿಮಗ ಇದಕಿಂತ ದೊಡ್ಡ ತೊಡಕು ಥೀಸಿಸ್‌ನಾಗ ಅದ. 2018ರ ಯುಜಿಸಿ ಕೃತಿಚೌರ್ಯ ನಿಯಮದ ಪ್ರಕಾರ ಇದನ್ನ ನಾನೇ ಸಿದ್ಧ ಮಾಡೀನಿ ಅಂತ ನೀವು ಬರದುಕೊಡಬೇಕು. ಸರ್ ಬರದ ಪೇಪರ್ ಎತ್ತಿ ಅಧ್ಯಾಯದಾಗ ಹಾಕಿದ್ರ ಆ ಮಾತು ಸುಳ್ಳಾಗ್ತದ. ಬ್ಯಾರೆ ಬರಹದ ಜೋಡಿ ಹೋಲಿಕೆ ಶೇ. 10 ದಾಟಿದ್ರಂತೂ ತಿದ್ದಿ ತರ್ರಿ ಅಂತ ವಾಪಸ್ ಕಳಸ್ತಾರ. ಸರ್ ಮುಂದ ಇದನ್ನೇ ಇಡ್ರಿ, ಅವರೂ ಸರ್ಟಿಫಿಕೇಟಿಗೆ ಸಹಿ ಮಾಡೋರು. ಹಕ್ಕು ಗಿಕ್ಕು ಅಂದ್ರ ಸಿಟ್ಟಿಗೇಳ್ತಾರ.

ತೊಗರಿಬೇರು:
ಇದು ಹೊಳದಿದ್ದಿಲ್ಲ ಸರ್. ರೋಗಲಕ್ಷಣ, ಫಲಿತಾಂಶ ನಾನೇ ಬರದು, ಇಂಗ್ಲಿಷ್ ನೀವು ತಿದ್ರಿ ಅಂತ ಮೇಲ್ ಹಾಕ್ತೀನಿ. ಯಾರು ಏನು ಮಾಡಿದ್ವಿ ಅಂತ ಪಟ್ಟಿನೂ ಜೋಡಸ್ತೀನಿ. ಕರೆಸ್ಪಾಂಡಿಂಗ್ ಆಥರ್, ಅಂದ್ರ ಜರ್ನಲ್ ಜೋಡಿ ಪತ್ರವ್ಯವಹಾರ ನೋಡೋ ಜಾಗ, ಸರ್‌ಗೇ ಬಿಡ್ಲೇನ್ರಿ?

ಕೋಟೆ ಮಗ್ಗಲು, ಬೀದರ:
ಬಿಡ್ರಿ. ನಾಳೆ ನೌಕರಿ ಹಿಡಿದು ವಿಳಾಸ, ಮೇಲ್ ಬದಲಾಗೋದು ನಿಮ್ಮದು. ಮೊದಲ ಹೆಸರು ಮಾತ್ರ ಬಿಡಬ್ಯಾಡ್ರಿ.