ಅತ್ತೆ ಕಳಿಸಿದ ಹ್ಯಾಲೋವೀನ್ ಫಾರ್ವರ್ಡ್

ಗುಂಪು: ನಮ್ಮ ಮನೆ ಬಳಗ

ಅತ್ತೆ (ಡೆಟ್ರಾಯಿಟ್): [ಫಾರ್ವರ್ಡ್ ಆದದ್ದು] ಆಗಿನ ಹ್ಯಾಲೋವೀನ್ ಈಗೆಲ್ಲಿ? ಅಕ್ಟೋಬರ್ 31ರ ಸಂಜೆ ವೇಷ ಹಾಕಿ, ಮಿಠಾಯಿ ಕೇಳುತ್ತ, ದಿಂಬಿನ ಕವರ್ ಹಿಡಿದು ಕತ್ತಲಲ್ಲಿ ಮನೆಮನೆ ಸುತ್ತುತ್ತಿದ್ದ ಮಕ್ಕಳು. ಕಣ್ಣಿಗೆರಡು ತೂತಿನ ಪ್ಲಾಸ್ಟಿಕ್ ಮುಖವಾಡ. ನೆರೆಯವರು ಕೈಯಾರೆ ಕಟ್ಟಿದ ಪಾಪ್‌ಕಾರ್ನ್ ಉಂಡೆ, ಕ್ಯಾರಮೆಲ್ ಸೇಬು. ಅಪರಿಚಿತರು ಮಿಠಾಯಿಗೆ ವಿಷ ಬೆರೆಸಿ ಎಷ್ಟೋ ಮಕ್ಕಳನ್ನು ಕೊಂದ ಮೇಲೆ ಎಲ್ಲ ಮುಗಿಯಿತು. ಈಗ ಅಂಗಳದ ತುಂಬ ಗಾಳಿ ತುಂಬಿದ ಬೊಂಬೆ, ಬಾಗಿಲಲ್ಲಿ ಯಾರೂ ಇಲ್ಲ. ನೆನಪಿರುವವರು ಹತ್ತು ಜನಕ್ಕೆ ಕಳಿಸಿ.

ಅಕ್ಕ (ಡಲ್ಲಾಸ್): ಅತ್ತೆ, ಮಿಕ್ಕಿದ್ದು ಏನಾದ್ರೂ ಇರಲಿ, ವಿಷದ ಮಾತು ಸುಳ್ಳು. ಡೆಲವೇರ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಜೋಯಲ್ ಬೆಸ್ಟ್ 1958ರಿಂದೀಚಿನ ವರದಿಗಳನ್ನ ಜಾಲಾಡಿದ್ದಾರೆ. ಬಾಗಿಲಿಗೆ ಬಂದ ಮಕ್ಕಳಿಗೆ ಗುರುತಿಲ್ಲದವರು ವಿಷ ಹಂಚಿ, ಅದರಿಂದ ಒಂದು ಮಗು ಸತ್ತದ್ದೂ ಅವರಿಗೆ ಸಿಕ್ಕಿಲ್ಲ.

ಅತ್ತೆ (ಡೆಟ್ರಾಯಿಟ್): ಹಾಗನ್ಬೇಡ್ವೇ. ಇದೇ ಡೆಟ್ರಾಯಿಟ್‌ನಲ್ಲಿ 1970ರಲ್ಲಿ ಐದು ವರ್ಷದ ಹುಡುಗ ಹೋದ, ಮಿಠಾಯಿಯಲ್ಲಿ ಹೆರಾಯಿನ್ ಇತ್ತು ಅಂತ ಪೇಪರ್‌ನಲ್ಲೆಲ್ಲ ಬಂತು. ಟೆಕ್ಸಸ್‌ನಲ್ಲಿ 1974ರಲ್ಲಿ ಸಯನೈಡ್. ಇವೆಲ್ಲ ಸುಳ್ಳೇ?

ಅಕ್ಕ (ಡಲ್ಲಾಸ್): ಮಕ್ಕಳು ಸತ್ತದ್ದು ನಿಜ, ಅಪರಿಚಿತರಿಂದ ಅನ್ನೋದು ಸುಳ್ಳು. ಡೆಟ್ರಾಯಿಟ್ ಹುಡುಗನಿಗೆ ಹೆರಾಯಿನ್ ಸಿಕ್ಕಿದ್ದು ಅವನ ಹತ್ತಿರದ ಸಂಬಂಧಿಕರ ಮನೇಲಿ. ಅದನ್ನ ಮುಚ್ಚಿಡೋಕೆ ಮನೆಯವರೇ ಮಿಠಾಯಿ ಮೇಲೆ ಉದುರಿಸಿದ್ರು. ಟೆಕ್ಸಸ್‌ನಲ್ಲಿ ಮಿಠಾಯಿಗೆ ಸಯನೈಡ್ ತುಂಬಿದ್ದು ಹೆತ್ತಪ್ಪನೇ, ವಿಮೆ ದುಡ್ಡಿಗೋಸ್ಕರ. ಅವನಿಗೆ 1984ರಲ್ಲಿ ಮರಣದಂಡನೆ ಆಯ್ತು. ಭಯ ಊರೂರಿಗೆ ಹಬ್ಬಿದ್ದು 1982ರಲ್ಲಿ. ಆ ಸೆಪ್ಟೆಂಬರ್ ಕೊನೇಲಿ ಶಿಕಾಗೋ ಸುತ್ತಮುತ್ತ ಯಾರೋ ಟೈಲೆನಾಲ್ ಅನ್ನೋ ನೋವಿನ ಮಾತ್ರೆಯ ಕ್ಯಾಪ್ಸೂಲ್‌ಗೆ ಸಯನೈಡ್ ಸೇರಿಸಿ ಏಳು ಜನ ಸತ್ತರು. ಒಂದೇ ತಿಂಗಳಿಗೆ ಹ್ಯಾಲೋವೀನ್. ಮಾತ್ರೆಯ ಭಯ ಮಿಠಾಯಿಗೆ ಅಂಟ್ಕೊಳ್ತು.

ತಮ್ಮ (ನ್ಯೂಜೆರ್ಸಿ): ಆಸ್ಪತ್ರೆಗಳು ಮಿಠಾಯಿನ ಎಕ್ಸ್-ರೇ ಮಾಡ್ಕೊಡ್ತಿದ್ದದ್ದೂ ಆ ಭಯದಿಂದಲೇ. ಎಕ್ಸ್-ರೇಯಲ್ಲಿ ಸೂಜಿ, ಬ್ಲೇಡು ಕಾಣುತ್ತೆ, ವಿಷ ಎಲ್ಲಿ ಕಾಣ್ಬೇಕು?

ಚಿಕ್ಕಪ್ಪ (ಮೈಸೂರು): ಹಾಗಾದ್ರೆ ಭಯ ಪಡೋದೇ ಬೇಡ್ವಾ? ಮೊಮ್ಮಕ್ಕಳು ಈ ಸಲ ಹೊರಡ್ತಾರಂತೆ.

ಅಕ್ಕ (ಡಲ್ಲಾಸ್): ಭಯ ಪಡ್ಬೇಕಾದ್ದು ಕಾರಿಗೆ, ಚಿಕ್ಕಪ್ಪ. 1975ರಿಂದ 2016ರವರೆಗಿನ ಅಪಘಾತಗಳ ಲೆಕ್ಕ ನೋಡಿದ ಅಧ್ಯಯನ ಇದೆ. ಆಚೀಚಿನ ವಾರಗಳ ಸಂಜೆಗಿಂತ ಹ್ಯಾಲೋವೀನ್ ಸಂಜೆ ಪಾದಚಾರಿಗಳು ಸಾಯೋ ಸಂಭವ 43% ಹೆಚ್ಚು. ಕಪ್ಪು ವೇಷದ ಬೆನ್ನಿಗೆ, ಮಿಠಾಯಿ ಚೀಲಕ್ಕೆ ಹೊಳೆಯೋ ಟೇಪ್ ಅಂಟಿಸಿ. ರಸ್ತೆ ಅತ್ತಿಂದಿತ್ತ ದಾಟಿಸ್ಬೇಡಿ, ಒಂದು ಬದಿ ಪೂರ್ತಿ ಮುಗಿಸಿ ತಿರುವಿನಲ್ಲಿ ದಾಟಿ. ಮುಖವಾಡದ ಬದಲು ಮುಖಕ್ಕೆ ಬಣ್ಣ ಬಳಿಯೋದು ವಾಸಿ. ಹಿಂದಿನ ದಿನವೇ ಮುಂಗೈಗೆ ಸ್ವಲ್ಪ ಹಚ್ಚಿ, ತುರಿಕೆ ಬರುತ್ತಾ ನೋಡಿ.

ಅತ್ತೆ (ಡೆಟ್ರಾಯಿಟ್): ಮುಖವಾಡದ ವಿಷಯದಲ್ಲಿ ನೀ ಹೇಳೋದು ಸರಿ. ಆ ಕಾಲದ ಬೆನ್ ಕೂಪರ್ ಕಂಪನಿ ಡಬ್ಬದಲ್ಲಿ ಬರ್ತಿದ್ದದ್ದು ತೆಳ್ಳನೆ ಪ್ಲಾಸ್ಟಿಕ್ ಮುಖ, ಎರಡು ಪಿನ್ ಹೊಡೆದು ಸಿಕ್ಕಿಸಿದ ರಬ್ಬರ್ ದಾರ. ಉಸಿರಿಗೆ ಒಳಗೆಲ್ಲ ನೀರು ಕೂರೋದು, ಕಣ್ಣಿನ ತೂತು ಒಂದು ಕಡೆ, ಕಣ್ಣು ಒಂದು ಕಡೆ, ನಾಲ್ಕನೇ ಮನೆಗೆ ದಾರ ಕಿತ್ತು ಬರೋದು. ಚಳಿ ಊರಲ್ಲಿ ವೇಷ ಹೊಲಿಯೋರು ಒಂದು ಅಳತೆ ದೊಡ್ಡದು ಹೊಲೀಬೇಕು, ಒಳಗೆ ಜಾಕೆಟ್ ಹಿಡಿಸ್ಬೇಕಲ್ಲ. ಆದ್ರೆ ಕತ್ತಲು ಹೋಯ್ತು ಅಂದದ್ದು ನಿಜ ತಾನೇ? ಈಗ ಮಕ್ಕಳು ಹಗಲಲ್ಲೇ ಬಂದು ಹೋಗ್ತಾರೆ.

ತಮ್ಮ (ನ್ಯೂಜೆರ್ಸಿ): ಅದು ನಿಜ ಅತ್ತೆ, ಕಾರಣ ಗಡಿಯಾರ. 2006ರವರೆಗೆ ಅಕ್ಟೋಬರ್ ಕೊನೇ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕಿಡ್ತಿದ್ರು. 2007ರಿಂದ ನವೆಂಬರ್ ಮೊದಲ ಭಾನುವಾರ. ಅಂದ್ರೆ 31ನೇ ತಾರೀಕು ಈಗ ಯಾವಾಗಲೂ ಗಡಿಯಾರ ಒಂದು ಗಂಟೆ ಮುಂದಿರೋ ಬೇಸಿಗೆ ಸಮಯದಲ್ಲೇ ಬೀಳುತ್ತೆ. ಡೆಟ್ರಾಯಿಟ್‌ನಲ್ಲಿ ಅವತ್ತು ಐದೂವರೆಗೆ ಮುಳುಗ್ತಿದ್ದ ಸೂರ್ಯ ಈಗ ಆರೂವರೆ ಹತ್ತಿರ ಮುಳುಗ್ತಾನೆ. ಇನ್ನೊಂದು ಮಾತು. ನಿಮ್ಮೂರಿನ ಆಗಿನ ದಿನಗಳನ್ನ ಅಷ್ಟು ಹೊಗಳೋಕಾಗಲ್ಲ. ಹ್ಯಾಲೋವೀನ್ ಹಿಂದಿನ ರಾತ್ರಿಗೆ ಡೆವಿಲ್ಸ್ ನೈಟ್ ಅಂತ ಹೆಸರಿಟ್ಟು ಖಾಲಿ ಮನೆಗಳಿಗೆ ಬೆಂಕಿ ಹಚ್ಚೋರು. 1984ರಲ್ಲಿ ಆ ಎರಡು ಮೂರು ದಿನಕ್ಕೇ 800ಕ್ಕೂ ಹೆಚ್ಚು ಬೆಂಕಿ.

ಅತ್ತೆ (ಡೆಟ್ರಾಯಿಟ್): ಅದನ್ನ ಆರಿಸಿದ್ದೂ ನೆರೆಹೊರೆಯವರೇ ಕಣೋ! 1995ರಿಂದ ಏಂಜೆಲ್ಸ್ ನೈಟ್ ಅಂತ ಸಾವಿರಾರು ಜನ ಕಾರಿನ ಮೇಲೆ ದೀಪ ಇಟ್ಕೊಂಡು ಬೀದಿ ಕಾದ್ರು, ಮನೆ ಮುಂದಿನ ದೀಪ ರಾತ್ರಿಯಿಡೀ ಉರಿಸಿದ್ರು. ನಾನು ಹೇಳ್ತಿರೋದು ಅದನ್ನೇ. ಜನ ಹೊರಗೆ ಬಂದು ನಿಲ್ಬೇಕು. 12 ಅಡಿ ಅಸ್ಥಿಪಂಜರ ನಿಲ್ಲಿಸಿ, ಬೋಗುಣಿಯಲ್ಲಿ ಚಾಕೊಲೇಟ್ ಸುರಿದು, 'ಒಂದು ತಗೊಳ್ಳಿ' ಅಂತ ಚೀಟಿ ಅಂಟಿಸಿ ಒಳಗೆ ಟೀವಿ ನೋಡೋದಲ್ಲ. ಸೇಂಟ್ ಲೂಯಿಸ್‌ನಲ್ಲಿ ಮಕ್ಕಳು ಜೋಕ್ ಹೇಳಿದ್ರೇನೇ ಮಿಠಾಯಿ. ಜೋಕ್ ಕೇಳೋಕೆ ಬಾಗಿಲಲ್ಲಿ ಮನುಷ್ಯ ಬೇಕು.

ತಮ್ಮ (ನ್ಯೂಜೆರ್ಸಿ): ಅಂಗಳ ಅಲಂಕರಿಸೋರು ಬಾಗಿಲಿಗೆ ಬರಲ್ಲ ಅಂತ ಯಾಕೆ ಅಂದ್ಕೋತೀರಿ? ಆ 12 ಅಡಿಯದ್ದು ಹೋಮ್ ಡಿಪೋ ಅಂಗಡಿಗೆ 2020ರಲ್ಲಿ ಬಂದಾಗ 299 ಡಾಲರ್. ಅದನ್ನ ಒಬ್ಬರೇ ಎತ್ತಿ ನಿಲ್ಲಿಸೋಕಾಗಲ್ಲ, ಪಕ್ಕದ ಮನೆಯವರನ್ನ ಕರೀಲೇಬೇಕು. ಕಾಲಿನ ಚೌಕಟ್ಟನ್ನ ಸಮತಟ್ಟಾದ ಗಟ್ಟಿ ನೆಲದಲ್ಲಿಟ್ಟು ಗೂಟ ಹೊಡೀಬೇಕು, ಎದೆ ಎತ್ತರದಿಂದ ಮೂರು ದಿಕ್ಕಿಗೆ ಹಗ್ಗ ಎಳೀಬೇಕು. ಬರೀ ಗೂಟ ನಂಬಿದ್ರೆ ಮಳೆಗೆ ಮಣ್ಣು ಸಡಿಲ ಆಗಿ ಮೊದಲನೇ ಗಾಳಿಗೇ ಮುಗ್ಗರಿಸುತ್ತೆ.

ಗಾಳಿ ಬೊಂಬೆಗಳ ಪಾಡೂ ಅದೇ. ಬುಡದ ಫ್ಯಾನು ನಿಲ್ಲದೆ ಊದ್ತಾ ಇರೋದ್ರಿಂದ ಅದು ನಿಂತಿರುತ್ತೆ. ಬೊಂಬೆ ಸೊರಗಿದ್ರೆ ಫ್ಯಾನ್ ಕೆಟ್ಟಿದೆ ಅಂತ ಬಿಸಾಡ್ತಾರೆ. ಮೊದಲು ಕೆಳಗಿನ ಜಿಪ್ ಮುಚ್ಚಿದೆಯಾ ನೋಡಿ, ಆಮೇಲೆ ಫ್ಯಾನಿನ ಬಾಯಿಗೆ ತರಗೆಲೆ ಕಚ್ಚಿದೆಯಾ ನೋಡಿ. ಮಳೇಲಿ ನೆನೆದ ಬಟ್ಟೆ ಭಾರಕ್ಕೆ ಏಳಲ್ಲ, ನೀರು ಒದರಿ ಒಣಗಿಸಿದ್ಮೇಲೆ ಹಾಕಿ. ಜೋರು ಗಾಳಿ ಇದ್ರೆ ಆರಿಸಿ ಮಲಗಿಸಿಬಿಡಿ, ಹಗ್ಗ ಕಟ್ಟಿದ ಕುಣಿಕೆಯ ಹೊಲಿಗೇನೇ ಮೊದಲು ಹರಿಯೋದು. ಹೊರಗಿನ ಜಿಎಫ್‌ಸಿಐ ಸಾಕೆಟ್ (ಕರೆಂಟ್ ಸೋರಿದ್ರೆ ತಾನೇ ಕಡಿಯೋದು) ಪದೇ ಪದೇ ಟ್ರಿಪ್ ಆದ್ರೆ ವೈರಿನ ಜೋಡಣೆ ಹುಲ್ಲಿನ ಮೇಲೆ ಬಿದ್ದು ಇಬ್ಬನಿಗೆ ಒದ್ದೆ ಆಗಿರ್ಬಹುದು. ಜೋಡಣೆನ ನೆಲದಿಂದ ಮೇಲೆತ್ತಿ ಕಟ್ಟಿ, ಪ್ಲಗ್ಗಿಗಿಂತ ವೈರು ಸ್ವಲ್ಪ ಕೆಳಗೆ ಜೋತಾಡ್ಲಿ, ನೀರು ಅಲ್ಲೇ ತೊಟ್ಟಿಕ್ಕುತ್ತೆ.

ಚಿಕ್ಕಪ್ಪ (ಮೈಸೂರು): ಇಷ್ಟೆಲ್ಲ ಮಾಡೋ ಬದಲು ಒಂದು ಕುಂಬಳಕಾಯಿ ಕೆತ್ತಿ ಇಟ್ರೆ ಸಾಲ್ದಾ? ಡೆಟ್ರಾಯಿಟ್ ಅಕ್ಕಾ, ಅದರ ತಿರುಳಿನಲ್ಲಿ ಹುಳಿ ಮಾಡಬಹುದಾ?

ಅತ್ತೆ (ಡೆಟ್ರಾಯಿಟ್): ಸಾಕು ಅಂತಲೇ ನಾನೂ ಹೇಳೋದು. ಹುಳಿಗೆ ಆಗಲ್ಲ ಕಣೋ, ಕೆತ್ತೋ ಕಾಯಿ ನಾರು ನಾರು, ನೀರು ನೀರು. ಬೀಜ ತೊಳೆದು ಒಣಗಿಸಿ ಉಪ್ಪು ಹಾಕಿ ಹುರಿ, ಚೆನ್ನಾಗಿರುತ್ತೆ. ಕೆತ್ತೋವಾಗ ಮೇಲೆ ಮುಚ್ಚಳ ಕತ್ತರಿಸೋ ಬದಲು ಬುಡ ಕತ್ತರಿಸಿ ದೀಪದ ಮೇಲೆ ಬೋರಲು ಹಾಕು. ಮುಚ್ಚಳನೇ ಬೇಕು ಅಂದ್ರೆ ಚಾಕು ಒಳಮುಖವಾಗಿ ಓರೆ ಹಿಡಿ, ನೇರ ಕತ್ತರಿಸಿದ್ರೆ ಬಾಡಿ ಕುಗ್ಗಿದ್ಮೇಲೆ ಒಳಗೆ ಬಿದ್ದುಹೋಗುತ್ತೆ. ಮುಖ ಕೆತ್ತೋ ಕಡೆ ಗೋಡೆ ಒಂದು ಇಂಚು ದಪ್ಪ ಉಳಿಯೋ ಹಾಗೆ ಹೆರೆ. ದಪ್ಪ ಇದ್ರೆ ಬೆಳಕು ಬರಲ್ಲ, ತೆಳ್ಳಗಾದ್ರೆ ಹಲ್ಲೆಲ್ಲ ಜೋತುಬೀಳುತ್ತೆ.

ಅಕ್ಕ (ಡಲ್ಲಾಸ್): ನಮ್ಮ ಟೆಕ್ಸಸ್ ಸೆಕೆಗೆ ಎರಡು ಮೂರು ದಿನಕ್ಕೇ ಬೂಸ್ಟು. ಒಂದು ಗ್ಯಾಲನ್ ನೀರಿಗೆ ಒಂದು ಟೇಬಲ್ ಚಮಚ ಬ್ಲೀಚ್ ಹಾಕಿ ಹತ್ತು ನಿಮಿಷ ಮುಳುಗಿಸಿ, ಬೋರಲಿಟ್ಟು ಒಣಗಿಸಿದ್ರೆ ಸ್ವಲ್ಪ ತಡೆಯುತ್ತೆ. ಒಳಗೆ ಮೇಣದಬತ್ತಿ ಬೇಡ, ಎಲ್‌ಇಡಿ ಇಡಿ. ಬತ್ತಿಯ ಶಾಖಕ್ಕೆ ಕಾಯಿ ಬೇಯುತ್ತೆ, ಮೆಟ್ಟಿಲ ಮೇಲೆ ಪಾಲಿಯೆಸ್ಟರ್ ವೇಷದ ಅಂಚು ತಾಗಿದ್ರೆ ಹೊತ್ಕೊಳ್ಳುತ್ತೆ.

ಚಿಕ್ಕಪ್ಪ (ಮೈಸೂರು): 2024ರಲ್ಲಿ ನರಕ ಚತುರ್ದಶಿನೂ ಅಕ್ಟೋಬರ್ 31ಕ್ಕೇ ಬಂದಿತ್ತಲ್ಲ. ಹಾಗೆ ಬಂದಾಗ ಹಣತೆ?

ಅಕ್ಕ (ಡಲ್ಲಾಸ್): ಹಣತೆ ಹಚ್ಚಿ, ಮೆಟ್ಟಿಲ ಮೇಲೆ ಬೇಡ. ಒಳಗಿನ ಕಿಟಕಿ ಕಟ್ಟೆ ಮೇಲೆ, ಪರದೆ ಸರಿಸಿ ಇಡಿ. ರಂಗೋಲಿ ನಡೆದಾಡೋ ದಾರಿಯ ಪಕ್ಕಕ್ಕೆ ಬಿಡಿಸಿ. ಇನ್ನೊಂದು, ಅವತ್ತು ಮನೆ ಮುಂದೆ ದೀಪ ಉರೀತಿದ್ರೆ ಇಲ್ಲಿ ಮಿಠಾಯಿ ಸಿಗುತ್ತೆ ಅಂತಲೇ ಮಕ್ಕಳು ತಿಳಿಯೋದು. ಆರಿಸಿದ್ರೆ ಕೊಡಲ್ಲ ಅಂತ, ಯಾರೂ ಬಾಗಿಲು ತಟ್ಟಲ್ಲ. ನಮ್ಮವರು ದೀಪಾವಳಿ ಅಂತ ಮನೆಯೆಲ್ಲ ಬೆಳಗಿಸಿ ಮಿಠಾಯಿ ಇಡದೇ ಹೋದ್ರೆ ಆ ಮಕ್ಕಳು ಬರಿಗೈಲಿ ಹೋಗ್ಬೇಕು. ಪಾಪ, ಅದು ತಪ್ಪು.

ಚಿಕ್ಕಪ್ಪ (ಮೈಸೂರು): ನಮ್ಮ ಮಕ್ಕಳು ತಂದದ್ದರಲ್ಲಿ ಸಸ್ಯಾಹಾರ ಯಾವುದು ಅಂತ ಹೇಗೆ ನೋಡೋದು?

ಅಕ್ಕ (ಡಲ್ಲಾಸ್): ಜೆಲಾಟಿನ್ (ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದದ್ದು) ಅಂತ ಬರೆದಿದೆಯಾ ಓದ್ಬೇಕು. ಅಮೆರಿಕದ ಸ್ಟಾರ್‌ಬರ್ಸ್ಟ್‌ನಲ್ಲಿದೆ, ಸ್ಕಿಟಲ್ಸ್‌ನಲ್ಲಿಲ್ಲ. ಕ್ಯಾಂಡಿ ಕಾರ್ನ್, ಮಾರ್ಷ್‌ಮ್ಯಾಲೋ ಸಾಮಾನ್ಯವಾಗಿ ಬೇಡ. ಚಿಕ್ಕ ಪೊಟ್ಟಣದ ಮೇಲೆ ಪದಾರ್ಥಗಳ ಪಟ್ಟಿ ಎಷ್ಟೋ ಸಲ ಇರಲ್ಲ, ದೊಡ್ಡ ಚೀಲದ ಪಟ್ಟಿ ನೆಟ್‌ನಲ್ಲಿ ನೋಡಿ. ಕಡಲೆಕಾಯಿ ಮುಂತಾದ್ದು ಆಗದ ಮಕ್ಕಳಿಗಾಗಿ ಬಾಗಿಲಲ್ಲಿ ಹಸಿರುನೀಲಿ ಕುಂಬಳಕಾಯಿ ಇಡ್ತಾರೆ, ಇಲ್ಲಿ ಪೆನ್ಸಿಲ್ಲು, ಸ್ಟಿಕ್ಕರ್ರೂ ಇವೆ ಅಂತ ಅರ್ಥ. ಅವನ್ನ ಮಿಠಾಯಿ ಜೊತೆ ಒಂದೇ ಬೋಗುಣಿಗೆ ಹಾಕ್ಬಾರ್ದು.

ಅತ್ತೆ (ಡೆಟ್ರಾಯಿಟ್): ಇದು ಒಳ್ಳೇ ಪದ್ಧತಿ, ಒಪ್ಪಿದೆ. ಆದ್ರೆ ಪಾರ್ಕಿಂಗ್ ಜಾಗದಲ್ಲಿ ಸಾಲಾಗಿ ಕಾರ್ ನಿಲ್ಲಿಸಿ ಡಿಕ್ಕಿಯಿಂದ ಹಂಚ್ತಾರಲ್ಲ, ಟ್ರಂಕ್ ಆರ್ ಟ್ರೀಟ್ ಅಂತ, ಅದನ್ನ ನಾನು ಒಪ್ಪಲ್ಲ. ಯಾವ ಮನೇಲಿ ಯಾರಿದ್ದಾರೆ ಅಂತ ಮಗುವಿಗೆ ಗೊತ್ತಾಗೋದು ಹೇಗೆ?

ಅಕ್ಕ (ಡಲ್ಲಾಸ್): ಹಳ್ಳಿ ಕಡೆ ಮನೆಯಿಂದ ಮನೆಗೆ ಅರ್ಧ ಮೈಲಿ, ರಸ್ತೆಗೆ ಫುಟ್‌ಪಾತೇ ಇರಲ್ಲ ಅತ್ತೆ. ಅಲ್ಲಿ ಅದೇ ಸರಿ.

ಅತ್ತೆ (ಡೆಟ್ರಾಯಿಟ್): ಫುಟ್‌ಪಾತ್ ಇರೋ ಬಡಾವಣೆಯವರೂ ಅದನ್ನೇ ಮಾಡ್ತಾರಲ್ಲ, ಅವರಿಗೆ ನಾನು ಹೇಳೋದು. ಆಯ್ತು, ವಿಷದ ಸಾಲು ತೆಗೆದು ಮತ್ತೆ ಕಳಿಸ್ತೀನಿ. ಪಾಪ್‌ಕಾರ್ನ್ ಉಂಡೆ ಸಾಲು ಇರುತ್ತೆ.

ತಮ್ಮ (ನ್ಯೂಜೆರ್ಸಿ): ಗಾಳಿ ಬೊಂಬೆ ಸಾಲೂ ತೆಗೀರಿ.

ಅತ್ತೆ (ಡೆಟ್ರಾಯಿಟ್): ಅದು ತೆಗೆಯಲ್ಲ.