ಸಹಾಯ ಬೇಕು: ಬೋರ್ ನೀರಿನಲ್ಲಿ ಆರ್ಸೆನಿಕ್, ತಂಗಿ ಏಳು ತಿಂಗಳ ಬಸುರಿ

ನಮ್ಮೂರು ಲಿಂಗಸುಗೂರು ಕಡೆ. ಕುಬಸ ಮುಗಿಸಿ ತಂಗಿ ತವರಿಗೆ ಬಂದಿದ್ದಾಳೆ. ಮನೆ ಬೋರ್ ನೀರು ಟೆಸ್ಟ್ ಮಾಡಿಸಿದರೆ ಲೀಟರಿಗೆ 38 ಮೈಕ್ರೋಗ್ರಾಂ ಆರ್ಸೆನಿಕ್ ಅನ್ನೋ ವಿಷ! ಮಿತಿ ಇರೋದು 10. ಕೊಡದಲ್ಲಿ ನೋಡಿದರೆ ಕನ್ನಡಿಯಂಥ ನೀರು, ವಾಸನೆಯೂ ಇಲ್ಲ.

ಅವ್ವ ಕುದಿಸಿ ಆರಿಸಿ ಕೊಡುತ್ತಿದ್ದಳು. ಕುದಿಸಿದರೆ ಆರ್ಸೆನಿಕ್ ಹೋಗಲ್ಲ, ನೀರು ಇಂಗಿದಷ್ಟೂ ಜಾಸ್ತಿಯೇ ಆಗುತ್ತೆ ಅಂತ ಈಗ ಗೊತ್ತಾಯಿತು. ಇದು ಮಾಸು ದಾಟಿ ಮಗುವಿಗೂ ಹೋಗುತ್ತದೆ. ಬಾಂಗ್ಲಾದೇಶದಲ್ಲಿ ಇಂಥ ನೀರು ಕುಡಿದ ತಾಯಂದಿರ ಕೂಸುಗಳಲ್ಲಿ ಎದೆಯೊಳಗಿನ ಥೈಮಸ್ ಗ್ರಂಥಿ ಚಿಕ್ಕದಾಗಿದ್ದದ್ದು ಕಂಡುಬಂದಿದೆ. ರೋಗದ ವಿರುದ್ಧ ಹೋರಾಡುವ ಟಿ ಕೋಶಗಳು ಬಲಿಯುವುದು ಅಲ್ಲೇ ಅಲ್ವಾ, ಅದಕ್ಕೇ ಭಯ.

ಸದ್ಯ ಕುಡಿಯೋಕೆ, ಅನ್ನಕ್ಕೆ ಕ್ಯಾನ್ ನೀರು. ಆರ್‌ಒ ಹಾಕಿಸಿ, ಆಮೇಲೆ ಆ ನೀರನ್ನು ಮತ್ತೆ ಲ್ಯಾಬಿಗೆ ಕೊಟ್ಟು ನೋಡಿದವರು ಇದ್ದೀರಾ? ತಂಗಿಗೆ ಮೂತ್ರದ ಆರ್ಸೆನಿಕ್ ಟೆಸ್ಟ್ ರಾಯಚೂರಿನಲ್ಲಿ ಆಗುತ್ತಾ, ಬೆಂಗಳೂರಿಗೇ ಹೋಗಬೇಕಾ? ಗೊತ್ತಿದ್ದವರು ದಯವಿಟ್ಟು ಹೇಳಿ.